ಡಿಜಿಎಂ ಬೈದದ್ದು ಇರಲಿ, ಮೊದಲು ಲೆಕ್ಕ ತಾಳೆಯಾಗಲಿ

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಸರ್ಕಾರಿ ಬ್ಯಾಂಕ್ ಶಾಖೆಯೊಂದರ ಮ್ಯಾನೇಜರ್ ನಾನು. ಜೂನ್ ತ್ರೈಮಾಸಿಕದ ರಿವ್ಯೂ ವಿಸಿಯಲ್ಲಿ (ವಿಡಿಯೊ ಕಾನ್ಫರೆನ್ಸ್) ‘ಮೂರು ಎನ್‌ಪಿಎ (ವಸೂಲಾಗದೆ ನಿಂತ ಸಾಲ) ಆಗಿವೆ’ ಎಂದೆ. ಡಿಜಿಎಂ (ಉಪ ಪ್ರಧಾನ ವ್ಯವಸ್ಥಾಪಕರು) ಕೈಲಿದ್ದ ಪಟ್ಟಿಯಲ್ಲಿ ಏಳಿದ್ದವು. ‘ನಿಮ್ಮ ಬ್ರಾಂಚಲ್ಲಿ ಏನಾಗ್ತಿದೆ ಅಂತ ನಿಮಗೇ ಗೊತ್ತಿಲ್ಲ’ ಎಂದು ನಲವತ್ತು ಮ್ಯಾನೇಜರ್‌ಗಳ ಎದುರು ಬೈದರು. ಅಂದಿನಿಂದ ಆರ್‌ಒ (ಪ್ರಾದೇಶಿಕ ಕಚೇರಿ) ಫೋನ್ ಬಂದರೆ ಎದೆ ಡವಗುಟ್ಟುತ್ತದೆ. ಸಿಬ್ಬಂದಿಯೂ ಮೊದಲಿನಂತೆ ಮಾತು ಕೇಳುತ್ತಿಲ್ಲ. ವರ್ಗಾವಣೆ ಕೇಳಲೇ? ಇಲ್ಲ, ಹೇಗಾದರೂ ಮಾಡಿ ಸೆಪ್ಟೆಂಬರ್ ಒಳಗೆ ಏಳನ್ನೂ ಸರಿ ಮಾಡಿ ತೋರಿಸಲೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ, ನೌಕರಿಗೆ ಕುತ್ತು ಬರುವುದು ಅಲ್ಲಿಂದ. ಬೈಸಿಕೊಂಡ ಉರಿಯಲ್ಲಿ ಕೆಲವರು ಅದೇ ಸಾಲಗಾರನಿಗೋ ಅವನ ಹೆಂಡತಿಯ ಹೆಸರಿಗೋ ಹೊಸ ಲೋನ್ ಮಂಜೂರು ಮಾಡಿ, ಅದರಲ್ಲೇ ಹಳೆ ಬಾಕಿ ಜಮಾ ಮಾಡಿಸುತ್ತಾರೆ. ಇನ್ನು ಕೆಲವರು ಪರಿಚಯದ ವ್ಯಾಪಾರಿಯಿಂದ ಎರಡು ದಿನದ ಮಟ್ಟಿಗೆ ಕೈಗಡ ಕೊಡಿಸುತ್ತಾರೆ. 30ನೇ ತಾರೀಖಿಗೆ ಪಟ್ಟಿ ಚೊಕ್ಕವಾಗುತ್ತದೆ. ಆಡಿಟ್‌ನವರು ಆ ಕ್ರೆಡಿಟ್ ಎಲ್ಲಿಂದ ಬಂತೆಂದು ಜಾಡು ಹಿಡಿದರೆ ವಿಜಿಲೆನ್ಸ್ (ಅಕ್ರಮದ ತನಿಖೆ) ಕೇಸು. ವಿಸಿಯ ಬೈಗುಳಕ್ಕೆ ಫೈಲ್ ಇಲ್ಲ, ಚಾರ್ಜ್‌ಶೀಟ್‌ಗೆ ಇದೆ.

ಇನ್ನು ಮೂರು ಏಳಾದದ್ದು. ಬಹುಶಃ ನೀವು ಕಂತು ತಪ್ಪಿದ ಖಾತೆಗಳನ್ನು ಮಾತ್ರ ಎಣಿಸಿದಿರಿ. ಎನ್‌ಪಿಎ ಎಂದು ಗುರುತಿಸುವುದು ಸಾಲಗಾರನನ್ನು. ಅಕ್ಕಿ ಗಿರಣಿಯವರ ಟರ್ಮ್ ಲೋನ್ ಒಂದೇ 90 ದಿನ ದಾಟಿದರೂ ಅವರದೇ ಸಿಸಿ (ವ್ಯಾಪಾರದ ದುಡಿಮೆ ಬಂಡವಾಳದ ಕ್ಯಾಶ್ ಕ್ರೆಡಿಟ್ ಸಾಲ), ವಾಹನ ಸಾಲ ಎಲ್ಲವೂ ಅದರ ಹಿಂದೆಯೇ ಹೋಗುತ್ತವೆ. ಹಾಗಿದ್ದರೆ ಕೆಟ್ಟಿರುವುದು ಮೂವರು ಸಾಲಗಾರರ ಏಳು ಖಾತೆ. ಕಸ್ಟಮರ್ ಐಡಿವಾರು ಪಟ್ಟಿ ತೆಗೆದು ತಾಳೆ ನೋಡಿ. ಪಟ್ಟಿಯ ತಾರೀಖನ್ನೂ ನೋಡಿ: 2021ರ ನವೆಂಬರ್‌ನಲ್ಲಿ ಆರ್‌ಬಿಐ ಕೊಟ್ಟ ಸ್ಪಷ್ಟನೆಯಂತೆ ವರ್ಗೀಕರಣ ಪ್ರತಿ ದಿನದ ಡೇ-ಎಂಡ್‌ನಲ್ಲಿ (ದಿನದ ಲೆಕ್ಕ ಮುಗಿಸುವಾಗ) ನಡೆಯಬೇಕು. ಕಳೆದ ವಾರದ ಪಟ್ಟಿ ಇಟ್ಟುಕೊಂಡು ಇಂದಿನ ಮೀಟಿಂಗ್‌ನಲ್ಲಿ ಕೂತರೆ ಮತ್ತೆ ಇದೇ ಗತಿ.

ಈ ತಾಳೆಯನ್ನು ಒಂದೇ ಪುಟಕ್ಕೆ ಇಳಿಸಿ. ಸಾಲಗಾರ, ಒಟ್ಟು ಬಾಕಿ, ಓವರ್‌ಡ್ಯೂ, ಏಕೆ ನಿಂತಿತು, ಮುಂದಿನ ಕ್ರಮ, ತಾರೀಖು. ಅದನ್ನು ರೀಜನಲ್ ಹೆಡ್ ಬಳಿ ಒಯ್ಯಿರಿ. ಅಂದು ಮುಜುಗರವಾದದ್ದು ಅವರಿಗೂ ಹೌದು. ಅವರನ್ನು ದಾಟಿ ನೇರ ಡಿಜಿಎಂಗೆ ಮೇಲ್ ಹಾಕಿದರೆ ಇದ್ದೊಂದು ಆಸರೆಯೂ ಹೋಗುತ್ತದೆ. ಹದಿನೈದು ನಿಮಿಷ ಸಾಕು. ‘ಸರ್, ಅವತ್ತು ನಾನು ಕಂತು ತಪ್ಪಿದ ಮೂರನ್ನಷ್ಟೇ ಹೇಳಿದೆ, ಅವುಗಳ ಜೊತೆ ಹೋದ ಖಾತೆ ಸೇರಿಸಲಿಲ್ಲ. ಪೂರ್ತಿ ಲೆಕ್ಕ ಇಲ್ಲಿದೆ’ ಎಂದು ಶುರು ಮಾಡಿ. ಎಲ್ಲರೆದುರು ಹಾಗೆ ಬೈದದ್ದು ತಪ್ಪೆಂದೇ ನಾವೂ ಹೇಳುತ್ತೇವೆ. ಆದರೆ ಆ ಮಾತನ್ನು ಈ ಭೇಟಿಯಲ್ಲಿ ಎತ್ತಿದರೆ ಉಳಿದದ್ದು ಯಾರ ಕಿವಿಗೂ ಬೀಳುವುದಿಲ್ಲ. ಮ್ಯಾನೇಜರ್‌ಗಳ ವಾಟ್ಸಾಪ್ ಗ್ರೂಪಿನಲ್ಲಂತೂ ಸಮಜಾಯಿಷಿ ಬೇಡವೇ ಬೇಡ. (ಆ ನಲವತ್ತರಲ್ಲಿ ಅರ್ಧ ಜನ ಅಂದು ನಿಮ್ಮತ್ತ ನೋಡಿರಲಾರರು, ತಮ್ಮ ಸರದಿಗೆ ಅಂಕಿ ಹುಡುಕುತ್ತಿದ್ದಿರಬೇಕು.)

ಗಡುವು ಕೊಡುವಾಗ ಕೈ ಬಿಗಿ ಹಿಡಿಯಿರಿ. ಎನ್‌ಪಿಎ ಆದ ಖಾತೆ ಸ್ಟ್ಯಾಂಡರ್ಡ್‌ಗೆ (ಸರಿಯಾಗಿ ನಡೆಯುವ ಸಾಲದ ವರ್ಗಕ್ಕೆ) ಮರಳಲು ಅಸಲು, ಬಡ್ಡಿಯ ಬಾಕಿ ಪೂರ್ತಿ ಬರಬೇಕು, ಒಂದೆರಡು ಕಂತು ಸಾಲದು. ಅಡಮಾನದ ಆಸ್ತಿ ವಶಕ್ಕೆ ಪಡೆಯಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯ 13(2) ನೋಟಿಸ್ ಕೊಟ್ಟರೆ 60 ದಿನ ಕಾಯಬೇಕು, ಅಡಮಾನ ಕೃಷಿ ಜಮೀನಾಗಿದ್ದರೆ ಆ ದಾರಿಯೇ ಇಲ್ಲ. ಹೀಗಿರುವಾಗ ‘ಸೆಪ್ಟೆಂಬರ್‌ಗೆ ಏಳೂ ಕ್ಲಿಯರ್’ ಎಂದರೆ ಎರಡನೇ ಸಲ ಮಾತು ತಪ್ಪಿದಂತೆ. ಮೂವರಲ್ಲಿ ದುಡ್ಡು ಬರುವ ದಾರಿ ಕಾಣುವ ಒಬ್ಬರಿಗೆ ಮಾತ್ರ ತಾರೀಖು ಹೇಳಿ. ಉಳಿದಿಬ್ಬರ ಮೇಲೆ ಏನು ಕ್ರಮ ಕೈಗೊಂಡಿದ್ದೀರಿ ಎಂದಷ್ಟೇ ಹೇಳಿ.

ನಿಮ್ಮ ಹೆಸರು ಚೇತರಿಸಿಕೊಳ್ಳುವುದು ಎಂಟನೆಯ ಖಾತೆ ಸೇರದಿದ್ದರೆ. ಮಾರ್ಚ್ 31ರ ಕಂತು ಬಾರದಿದ್ದರೆ ಏಪ್ರಿಲ್ 30ಕ್ಕೆ ಎಸ್‌ಎಂಎ-1 (ಎನ್‌ಪಿಎಗೆ ಮುಂಚಿನ ಎಚ್ಚರಿಕೆಯ ಹಂತ), ಮೇ 30ಕ್ಕೆ ಎಸ್‌ಎಂಎ-2, ಜೂನ್ 29ಕ್ಕೆ ಎನ್‌ಪಿಎ. ಶಾಖೆಗಳು ಸಾಮಾನ್ಯವಾಗಿ ಎಸ್‌ಎಂಎ-2 ಹಿಂದೆ ಓಡುತ್ತವೆ. ಅಷ್ಟರಲ್ಲಿ ಎರಡು-ಮೂರು ಕಂತು ಬಾಕಿ ಬಿದ್ದಿರುತ್ತದೆ, ಸಾಲಗಾರ ಫೋನ್ ಎತ್ತುವುದಿಲ್ಲ. ಒಂದೇ ಕಂತು ತಪ್ಪಿದಾಗಲೇ, ಬೆಳಿಗ್ಗೆ ಕೌಂಟರ್ ತೆರೆಯುವ ಮುಂಚೆ ಫೋನ್ ಹೋಗಲಿ. ದೊಡ್ಡ ಮೊತ್ತದ ಹತ್ತು ಜನರನ್ನು ನೀವೇ ಇಟ್ಟುಕೊಳ್ಳಿ, ಉಳಿದವರು ಫೀಲ್ಡ್ ಆಫೀಸರ್‌ಗೆ. ಸಿಸಿಗಳಲ್ಲಿ ಕಾಗದದ ಮೇಲೂ ಕಣ್ಣಿರಲಿ: ಮೂರು ತಿಂಗಳಿಗಿಂತ ಹಳೆಯ ಸ್ಟಾಕ್ ಸ್ಟೇಟ್‌ಮೆಂಟ್ ಮೇಲೆ ಲೆಕ್ಕ ಹಾಕಿದ ಡ್ರಾಯಿಂಗ್ ಪವರ್‌ನಲ್ಲೇ (ದಾಸ್ತಾನಿನ ಆಧಾರದಲ್ಲಿ ಹಣ ತೆಗೆಯಬಹುದಾದ ಮಿತಿ) 90 ದಿನ ನಡೆಸಿದರೆ, ಗಿರಣಿ ಚೆನ್ನಾಗಿ ಓಡುತ್ತಿದ್ದರೂ ಖಾತೆ ಎನ್‌ಪಿಎ.

ಸಿಬ್ಬಂದಿಯ ವಿಷಯ: ಡಿಜಿಎಂ ಬೈದ ಮಾತನ್ನು ಫೀಲ್ಡ್ ಆಫೀಸರ್ ಮೇಲೆ ತೀರಿಸಿಕೊಳ್ಳಬೇಡಿ. ಬೆಳಗಿನ ಪಟ್ಟಿಯನ್ನು ಒಟ್ಟಿಗೆ ಕೂತು ನೋಡುವುದು ಶುರುವಾದರೆ ಯಾರು ಏನು ಮಾಡಬೇಕೆಂಬುದು ತಾನಾಗಿ ನಿಗದಿಯಾಗುತ್ತದೆ.

ಮುಂದಿನ ವಿಸಿಯಲ್ಲಿ ಕೆಟ್ಟ ಸುದ್ದಿಯನ್ನು ಮೊದಲು ಹೇಳಿ, ಯಾವ ತಾರೀಖಿನ ಅಂಕಿ ಎಂಬುದನ್ನೂ ಸೇರಿಸಿ. ಗೊತ್ತಿಲ್ಲದ್ದನ್ನು ಕೇಳಿದರೆ ಅಂದಾಜು ಹೇಳಬೇಡಿ. ‘ನಾಲ್ಕು ಗಂಟೆಯೊಳಗೆ ಕಳಿಸ್ತೀನಿ ಸರ್’ ಎನ್ನಿ, ಮೂರೂವರೆಗೇ ಕಳಿಸಿ. ಹೀಗೆ ಎರಡು ತ್ರೈಮಾಸಿಕ ಅಂಕಿ ತಪ್ಪದೆ ನಡೆದರೆ ಆರ್‌ಒದ ಧ್ವನಿ ಬದಲಾದೀತು. ಅದಕ್ಕೂ ಮುಂಚೆ ನಿರೀಕ್ಷಿಸಬೇಡಿ.

ವರ್ಗಾವಣೆಯನ್ನು ಈಗ ಕೇಳಿದರೆ ಓಡಿಹೋದರು ಎಂದೇ ಓದಿಕೊಳ್ಳುತ್ತಾರೆ. ಎಪಿಎಆರ್ (ವಾರ್ಷಿಕ ಕಾರ್ಯಕ್ಷಮತೆ ವರದಿ) ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು, ಕೆಟ್ಟಿರುವುದು ಅದರಲ್ಲಿ ಒಂದು ತ್ರೈಮಾಸಿಕ. ಸ್ವಮೌಲ್ಯಮಾಪನದಲ್ಲಿ ಉಳಿದ ಮೂರರ ಅಂಕಿಗಳನ್ನು ತಾರೀಖು ಸಮೇತ ಬರೆಯಿರಿ. ಈ ನಡುವೆ ಲಿಖಿತ ವಿವರಣೆ ಕೇಳಿ ಪತ್ರ ಬಂದರೆ ಗಡುವಿನೊಳಗೆ ಖಾತೆ ಸಂಖ್ಯೆ, ತಾರೀಖು, ಮಾಡಿದ ಕ್ರಮ ಇಷ್ಟನ್ನೇ ಬರೆದು ಪ್ರತಿ ಇಟ್ಟುಕೊಳ್ಳಿ. ಮಂಜೂರಾತಿಯಲ್ಲೇ ಲೋಪ ಎಂಬ ಆರೋಪ ಅದರಲ್ಲಿದ್ದರೆ ಉತ್ತರ ಕಳಿಸುವ ಮುಂಚೆ ಆಫೀಸರ್ಸ್ ಅಸೋಸಿಯೇಷನ್‌ನವರಿಗೆ ತೋರಿಸಿ. ಎದೆ ಡವಗುಟ್ಟುವುದು ರಾತ್ರಿ ನಿದ್ದೆಯನ್ನೂ ಕೆಡಿಸುತ್ತಿದ್ದರೆ ವೈದ್ಯರನ್ನು ಕಾಣಿ; ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.