ಎಂಟು ಹಾಡಿನ ಆಲ್ಬಂ, ಎರಡು ತಿಂಗಳ ಸಮಯ: ಪ್ರಚಾರ ಎಲ್ಲಿಂದ ಶುರು ಮಾಡೋದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಎಂಟು ಹಾಡಿನ ಮೊದಲ ಆಲ್ಬಂ, ಬಿಡುಗಡೆಗೆ ಎರಡು ತಿಂಗಳಿದೆ, ಬೆನ್ನಿಗೆ ಯಾವ ಕಂಪನಿಯೂ ಇಲ್ಲ, ಕೈಯಲ್ಲಿ ದುಡ್ಡೂ ಜಾಸ್ತಿ ಇಲ್ಲ. ದಿನಕ್ಕೊಂದು ಪೋಸ್ಟ್ ಹಾಕಬೇಕಾ, ಏನು ಹಾಕಬೇಕು, ಯಾವಾಗಿನಿಂದ ಹಾಕಬೇಕು, ಇರುವ ಸ್ವಲ್ಪ ದುಡ್ಡನ್ನು ಜಾಹೀರಾತಿಗೆ ಹಾಕಬೇಕಾ?

ನಾನು ಎರಡು ಆಲ್ಬಂ ತಂದಿದ್ದೇನೆ. ಮೊದಲನೆಯದು ಬಂದಿದ್ದೂ ಹೋಗಿದ್ದೂ ಯಾರಿಗೂ ಗೊತ್ತಾಗಲಿಲ್ಲ. ಎರಡನೆಯದು ಪರವಾಗಿಲ್ಲ ಅನ್ನುವಷ್ಟು ಓಡಿತು. ಹಾಡುಗಳಲ್ಲಿ ಅಂಥ ವ್ಯತ್ಯಾಸವೇನೂ ಇರಲಿಲ್ಲ. ಮೊದಲನೆಯದರ ಹಾಡುಗಳೇ ಚೆನ್ನಾಗಿದ್ದವು ಅಂತ ನಮ್ಮ ಡ್ರಮ್ಮರ್ ಈಗಲೂ ಜಗಳ ತೆಗೆಯುತ್ತಾನೆ. ಹಾಗಾಗಿ ನಮ್ಮ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಮೊದಲ ಸಲ ಆರು ವಾರ ಮುಂಚಿನಿಂದಲೇ ಡಂಗುರ ಸಾರಿದೆವು. 'ಶೀಘ್ರದಲ್ಲೇ', 'ಇನ್ನು 20 ದಿನ', 'ಇನ್ನು 10 ದಿನ'. ಪೋಸ್ಟರ್ ಮೇಲೆ ಪೋಸ್ಟರ್. ಒಂದರಲ್ಲೂ ಹಾಡು ಕೇಳಿಸುತ್ತಿರಲಿಲ್ಲ. ನೋಡಿದವರು ಲೈಕ್ ಒತ್ತಿ ಮುಂದೆ ಹೋದರು. ಅವರಾದರೂ ಏನು ಮಾಡಬೇಕು ಹೇಳಿ, ಕೇಳೋದಕ್ಕೇ ಏನೂ ಇರಲಿಲ್ಲ. ಬಿಡುಗಡೆ ದಿನ ಬೆಳಿಗ್ಗೆ ಲಿಂಕ್ ಹಾಕಿದೆವು. ಸ್ನೇಹಿತರು, ನೆಂಟರು ಎಲ್ಲ ಹಂಚಿದರು. ಸಂಜೆ ಹೊತ್ತಿಗೆ ಎಲ್ಲ ತಣ್ಣಗಾಯಿತು. ಮರುದಿನ ಹಾಕೋದಕ್ಕೆ ನಮ್ಮ ಹತ್ತಿರ ಒಂದು ಫೋಟೋ ಕೂಡ ಉಳಿದಿರಲಿಲ್ಲ. ತಿಂಗಳುಗಟ್ಟಲೆ ಕೂತು ಮಾಡಿದ ಆಲ್ಬಂ ಬಗ್ಗೆ ನಾವೇ ಮೂರನೇ ದಿನಕ್ಕೆ ಮಾತು ನಿಲ್ಲಿಸಿದ್ದೆವು.

ಅದಕ್ಕೇ ನಾನು ಹೇಳೋದು, ಸರಕಿನ ಮುಕ್ಕಾಲು ಪಾಲನ್ನು ಬಿಡುಗಡೆಯ ನಂತರಕ್ಕೆ ಎತ್ತಿಡಿ. ಮುಂಚೆ ಹಾಕುವುದರಲ್ಲಿ ಪ್ರತಿಯೊಂದರಲ್ಲೂ ಹಾಡಿನ ತುಣುಕು ಇರಲಿ. ಹಾಡು ಕೇಳಿಸದ ಪೋಸ್ಟ್ ಒಂದೇ ಒಂದು ಸಾಕು: ಕವರ್ ಮತ್ತು ತಾರೀಖು.

'ಸುಮ್ನೆ ಒಂದು ರಾತ್ರಿ ಹೇಳದೆ ಕೇಳದೆ ಬಿಟ್ಟುಬಿಡಿ, ಎಲ್ಲರೂ ಬೆಚ್ಚಿಬೀಳಲಿ' ಅನ್ನುವವರೂ ಸಿಗುತ್ತಾರೆ. 2013ರ ಡಿಸೆಂಬರ್‌ನಲ್ಲಿ ಅಮೆರಿಕದ ಗಾಯಕಿ ಬಿಯಾನ್ಸೆ ಹಾಗೆ ಮಾಡಿದ್ದು ನಿಜ. ಆದರೆ ಆಕೆಯ ಹೆಸರೇ ಪ್ರಚಾರ. ನಾವು ಹೇಳದೆ ಬಿಟ್ಟರೆ ಯಾರೂ ಬೆಚ್ಚುವುದಿಲ್ಲ. ಬೆಚ್ಚೋದಕ್ಕೆ ಮೊದಲು ಯಾರಾದರೂ ಕಾಯುತ್ತಿರಬೇಕು ಅಲ್ವಾ?

ಪೋಸ್ಟ್‌ಗಳ ಕ್ಯಾಲೆಂಡರ್ ಮಾಡುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಎಂಟು ಹಾಡುಗಳ ಹೆಸರು ಒಂದರ ಕೆಳಗೊಂದು ಬರೆಯಿರಿ. ಪ್ರತಿ ಹಾಡಿನ ಮುಂದೆ ಮೂರು ವಿಷಯ: ಜನ ಗುನುಗುವಂಥ ಹದಿನೈದು ಸೆಕೆಂಡ್ ಎಲ್ಲಿಂದ ಎಲ್ಲಿಗೆ, ಆ ಹಾಡಿನ ಹಿಂದೆ ಹೇಳಬಹುದಾದ ಕಥೆ ಏನು, ಕ್ಯಾಮೆರಾಗೆ ತೋರಿಸೋದಕ್ಕೆ ಏನಿದೆ. ಕೆಲವು ಹಾಡಿನ ಮುಂದೆ ಮೂರೂ ತುಂಬುತ್ತವೆ. ಕೆಲವದರ ಮುಂದೆ ಒಂದೂ ತುಂಬುವುದಿಲ್ಲ. ಅಂಥ ಹಾಡನ್ನು ಎಳೆದಾಡಬೇಡಿ, ಆಲ್ಬಂನಲ್ಲಿ ಅದರ ಪಾಡಿಗೆ ಇರಲಿ. ಎಂಟಕ್ಕೂ ಸಮ ಪಾಲು ಕೊಡಲು ಹೋಗಿ ಎಲ್ಲವನ್ನೂ ತೆಳುವಾಗಿಸುವುದಕ್ಕಿಂತ ಮೂರು ಹಾಡಿನ ಬೆನ್ನು ಹತ್ತೋದು ವಾಸಿ.

ಆ ಹದಿನೈದು ಸೆಕೆಂಡನ್ನು ಮಾತ್ರ ನೀವೇ ಆರಿಸಬೇಡಿ. ನಿಮ್ಮ ಕಿವಿ ಆ ಹಾಡನ್ನು ನೂರಾರು ಸಲ ಕೇಳಿ ಸವೆದಿರುತ್ತದೆ. ನಾನು ಒಂದು ಹಾಡಿಗೆ ಪಲ್ಲವಿಯೇ ಅಂತ ಕಣ್ಣು ಮುಚ್ಚಿ ಬರೆದಿದ್ದೆ. ಮಿಕ್ಸಿಂಗ್ ಮುಗಿದ ವಾರ ಮನೆಯಲ್ಲಿ ಎರಡು ಮೂರು ಸಲ ಅದನ್ನು ಹಾಕಿದ್ದೆ ಅಷ್ಟೆ. ಮರುದಿನ ಅಕ್ಕ ಬಟ್ಟೆ ಮಡಚುತ್ತಾ ಗುನುಗುತ್ತಿದ್ದಳು. ಪಲ್ಲವಿ ಅಲ್ಲ, ಎರಡನೇ ಚರಣಕ್ಕೆ ಮುಂಚೆ ಬರುವ ಕೊಳಲಿನ ಬಿಟ್! ಪದವೇ ಇಲ್ಲದ ಜಾಗ. ಆಮೇಲೆ ರೀಲ್ಸ್‌ಗೆ ಅದನ್ನೇ ಕತ್ತರಿಸಿದೆವು. ನೀವೂ ನಾಲ್ಕೈದು ಜನರಿಗೆ ಕೇಳಿಸಿ, ಆಗಲೇ ಅಭಿಪ್ರಾಯ ಕೇಳಬೇಡಿ, 'ಸೂಪರ್' ಅಂದುಬಿಡುತ್ತಾರೆ. ಒಂದು ದಿನ ಬಿಟ್ಟು 'ಯಾವುದಾದರೂ ತುಣುಕು ನೆನಪಿದೆಯಾ' ಅಂತ ಕೇಳಿ. ಆ ಜಾಗದ ಸಮಯವನ್ನು ಗುರುತು ಹಾಕಿಕೊಳ್ಳಿ. ಅಪ್‌ಲೋಡ್ ಮಾಡುವಾಗ ತುಣುಕು ಎಲ್ಲಿಂದ ಶುರುವಾಗಬೇಕು ಅಂತ ಹಲವು ಡಿಸ್ಟ್ರಿಬ್ಯೂಟರ್‌ಗಳು (ನಮ್ಮ ಹಾಡನ್ನು ಸ್ಪಾಟಿಫೈ, ಯೂಟ್ಯೂಬ್‌ನಂಥ ಕಡೆ ತಲುಪಿಸುವ ಕಂಪನಿಗಳು) ಕೇಳುತ್ತಾರೆ, ಆಗ ಕೆಲಸಕ್ಕೆ ಬರುತ್ತದೆ.

ಕಥೆ ಅಂದೆನಲ್ಲ, ಅದು ದೊಡ್ಡದೇ ಆಗಬೇಕಿಲ್ಲ. 'ಈ ಹಾಡು ನನ್ನ ಮನಸ್ಸಿಗೆ ತುಂಬಾ ಹತ್ತಿರ' ಅನ್ನೋದು ಕಥೆಯೇ ಅಲ್ಲ, ಎಲ್ಲರೂ ಎಲ್ಲ ಹಾಡಿಗೂ ಅದನ್ನೇ ಹೇಳುತ್ತಾರೆ. ನಮ್ಮ ಎರಡನೇ ಆಲ್ಬಂನ ಮೂರನೇ ಹಾಡಿನಲ್ಲಿ ಒಂದು ಕುರ್ಚಿ ಕಿರ್ ಅಂದಿದೆ. ಗಾಯಕಿ ಕೊನೆಯ ಸಾಲು ಹಾಡುವಾಗ ಸ್ವಲ್ಪ ಮುಂದೆ ಬಾಗಿದರು, ಕುರ್ಚಿ ಸದ್ದು ಮಾಡಿತು. ಟೇಕ್ ಎಷ್ಟು ಚೆನ್ನಾಗಿತ್ತು ಅಂದರೆ ಮತ್ತೆ ಹಾಡಿಸಲು ಯಾರಿಗೂ ಮನಸ್ಸು ಬರಲಿಲ್ಲ. ತೆಗೆಯಬೇಕಾ ಬಿಡಬೇಕಾ ಅಂತ ಎರಡು ದಿನ ಚರ್ಚೆ ಮಾಡಿ ಹಾಗೇ ಬಿಟ್ಟೆವು. ಬಿಡುಗಡೆಯಾಗಿ ಎರಡನೇ ವಾರ, ನಾನು ಆ ಕುರ್ಚಿಯ ಮೇಲೆ ಕೂತು ಒಂದು ಸಲ ಕಿರ್ ಅನ್ನಿಸಿ, 'ಈ ಸದ್ದು ಹಾಡಿನಲ್ಲಿ ಎಲ್ಲೋ ಇದೆ, ಹುಡುಕಿ' ಅಂತ ಇಪ್ಪತ್ತು ಸೆಕೆಂಡಿನ ವಿಡಿಯೋ ಹಾಕಿದೆ. ಫೋನಿನಲ್ಲಿ ತೆಗೆದದ್ದು, ಲೈಟಿಂಗ್ ಕೂಡ ಇಲ್ಲ. ಜನ ಹಾಡನ್ನು ಕೊನೆಯವರೆಗೆ ಕೇಳಿ ಕಾಮೆಂಟಿನಲ್ಲಿ ನಿಮಿಷ, ಸೆಕೆಂಡ್ ಬರೆದರು. ಕೆಲವರು ನಮಗೇ ಗೊತ್ತಿಲ್ಲದ ಇನ್ನೊಂದು ಸದ್ದನ್ನು ಹುಡುಕಿಕೊಟ್ಟರು. ಸಾಲ ಮಾಡಿ ಡಿಸೈನ್ ಮಾಡಿಸಿದ ಪೋಸ್ಟರ್‌ಗಳಿಂದ ಒಂದು ದಿನವೂ ಹೀಗಾಗಿರಲಿಲ್ಲ.

ಇಂಥದ್ದು ಸಿಗಬೇಕಾದರೆ ಕೆಲಸ ನಡೆಯುವಾಗಲೇ ಶೂಟ್ ಆಗಿರಬೇಕು. ನಿಮ್ಮ ರೆಕಾರ್ಡಿಂಗ್ ಸ್ವಲ್ಪವಾದರೂ ಬಾಕಿ ಇದ್ದರೆ ಒಂದು ಫೋನನ್ನು ಸ್ಟ್ಯಾಂಡಿಗೆ ಹಾಕಿ, ಉದ್ದುದ್ದ ನಿಲ್ಲಿಸಿ, ಮೂಲೆಯಲ್ಲಿ ಇಟ್ಟು ಮರೆತುಬಿಡಿ. ಎಲ್ಲ ಮುಗಿದಿದ್ದರೂ ದಾರಿ ಇದೆ. ಪ್ರಾಜೆಕ್ಟ್ ಫೈಲ್ ತೆರೆದು ಟ್ರ್ಯಾಕ್‌ಗಳನ್ನು ಒಂದೊಂದಾಗಿ ಕೇಳಿಸಿ: ಬರೀ ಬೇಸ್, ಬರೀ ಕೋರಸ್, ಆಮೇಲೆ ಎಲ್ಲ ಸೇರಿದಾಗ. ಫೋನಿನಲ್ಲಿ ಮೊದಲ ದಿನ ಗುನುಗಿ ಇಟ್ಟುಕೊಂಡ ಟ್ಯೂನ್ ಇರುತ್ತದೆ, ಅದರ ಪಕ್ಕದಲ್ಲೇ ಮುಗಿದ ಹಾಡನ್ನು ಹಾಕಿ. ಇದು ಯಾವತ್ತೂ ಕೈ ಕೊಟ್ಟಿಲ್ಲ. ಹಾಳೆ ನೋಡಿಕೊಂಡು ಒಂದೆರಡು ದಿನ ಕೂತು ಎಲ್ಲವನ್ನೂ ಒಟ್ಟಿಗೇ ಶೂಟ್ ಮಾಡಿಬಿಡಿ. ದಿನಾ ಬೆಳಿಗ್ಗೆ ಎದ್ದು 'ಇವತ್ತೇನು ಹಾಕೋದು' ಅಂತ ತಲೆ ಕೆರೆದುಕೊಂಡರೆ ಎರಡೇ ವಾರಕ್ಕೆ ನಿಮಗೇ ನಿಮ್ಮ ಹಾಡು ಸಾಕಾಗುತ್ತದೆ.

ಈಗ ತಾರೀಖುಗಳ ಲೆಕ್ಕ. ಇಲ್ಲಿ ತಡ ಮಾಡಿದರೆ ಆಮೇಲೆ ಸರಿ ಮಾಡೋದಕ್ಕೆ ಆಗುವುದಿಲ್ಲ.

ಸ್ಪಾಟಿಫೈನಲ್ಲಿ ಕಲಾವಿದರ ಖಾತೆಯಿಂದ ಸ್ಪಾಟಿಫೈನ ಪ್ಲೇಲಿಸ್ಟ್ ಸಂಪಾದಕರಿಗೆ ಹಾಡನ್ನು ಪಿಚ್ ಮಾಡಬಹುದು, ಅಂದರೆ ಪ್ಲೇಲಿಸ್ಟ್‌ಗೆ ಸೇರಿಸಿ ಅಂತ ಕೇಳಬಹುದು. ಷರತ್ತು ಏನೆಂದರೆ ಹಾಡು ಇನ್ನೂ ಬಿಡುಗಡೆಯಾಗಿರಬಾರದು. ಬಿಡುಗಡೆಗೆ ಕಡೇ ಪಕ್ಷ ಏಳು ದಿನ ಮುಂಚೆ ಪಿಚ್ ಮಾಡಿದರೆ ಆ ಹಾಡು ನಿಮ್ಮ ಫಾಲೋವರ್‌ಗಳ ರಿಲೀಸ್ ರಾಡಾರ್‌ಗೆ, ಅಂದರೆ ಸ್ಪಾಟಿಫೈ ಅವರಿಗೆ ಕೊಡುವ ಹೊಸ ಹಾಡುಗಳ ಪ್ಲೇಲಿಸ್ಟ್‌ಗೆ, ಬರುತ್ತದೆ. ಸಂಪಾದಕರು ಆರಿಸದಿದ್ದರೂ ಅಷ್ಟು ಲಾಭ ಇದ್ದೇ ಇದೆ. ಆದರೆ ಒಂದು ಸಲಕ್ಕೆ ಒಂದೇ ಹಾಡು. ಎಂಟು ಹಾಡನ್ನೂ ಒಂದೇ ದಿನ ಬಿಟ್ಟರೆ ನಿಮಗೆ ಸಿಗುವುದು ಒಂದೇ ಅವಕಾಶ. ಎರಡು ಹಾಡನ್ನು ಮೊದಲೇ ಸಿಂಗಲ್ ಆಗಿ ಬಿಟ್ಟು, ಆಮೇಲೆ ಆಲ್ಬಂ ಬಿಟ್ಟರೆ ಮೂರು. ನಿಮ್ಮ ಎರಡು ತಿಂಗಳಿಗೆ ನನ್ನ ಲೆಕ್ಕ ಇದು: ಮೊದಲ ಹಾಡನ್ನು ಈ ವಾರವೇ ಅಪ್‌ಲೋಡ್ ಮಾಡಿ, ಇನ್ನು ನಾಲ್ಕು ವಾರಕ್ಕೆ ಬಿಡುಗಡೆ ಇಟ್ಟುಕೊಳ್ಳಿ. ಎರಡನೆಯದು ಆರನೇ ವಾರ. ಆಲ್ಬಂ ಎಂಟನೇ ವಾರ. 2015ರ ಜುಲೈನಿಂದ ಜಗತ್ತಿನೆಲ್ಲೆಡೆ ಹೊಸ ಸಂಗೀತಕ್ಕೆ ಶುಕ್ರವಾರವೇ ಬಿಡುಗಡೆ ದಿನ, ರಿಲೀಸ್ ರಾಡಾರ್ ಬದಲಾಗುವುದೂ ಅವತ್ತೇ. ಬೇರೆ ದಿನ ಹುಡುಕೋ ತಲೆನೋವು ಬೇಡ.

ಸಿಂಗಲ್ ಆಗಿ ಬಂದ ಹಾಡನ್ನು ಆಲ್ಬಂಗೆ ಸೇರಿಸುವಾಗ ಅದೇ ಐಎಸ್‌ಆರ್‌ಸಿ ಕೋಡ್ ಹಾಕಿ. ಪ್ರತಿ ರೆಕಾರ್ಡಿಂಗ್‌ಗೆ ಸಿಗುವ 12 ಅಕ್ಷರಗಳ ಗುರುತು ಅದು. ಅದೇ ಕೋಡ್, ಅದೇ ಆಡಿಯೋ ಫೈಲ್ ಇದ್ದರೆ ಸಿಂಗಲ್‌ಗೆ ಬಂದ ಸ್ಟ್ರೀಮ್ ಎಣಿಕೆ ಆಲ್ಬಂನಲ್ಲೂ ಮುಂದುವರಿಯುತ್ತದೆ. ಹೊಸ ಕೋಡ್ ಹಾಕಿದರೆ ಸೊನ್ನೆಯಿಂದ ಶುರು.

ನಾಲ್ಕು ವಾರ ಯಾಕೆ, ಎರಡೇ ದಿನದಲ್ಲಿ ಹಾಡು ಬರುತ್ತದಲ್ಲ ಅನ್ನಬಹುದು. ಬರುತ್ತದೆ, ಎಲ್ಲ ಸರಿ ಇದ್ದರೆ. ನಮ್ಮ ಒಂದು ಹಾಡು ನಮ್ಮದೇ ಹೆಸರಿನ ಇನ್ಯಾರದೋ ಪೇಜಿಗೆ ಹೋಗಿ ಕೂತಿತ್ತು. ಡಿಸ್ಟ್ರಿಬ್ಯೂಟರ್‌ಗೆ ಮೇಲ್ ಮೇಲೆ ಮೇಲ್ ಬರೆದು ಅದನ್ನು ಸರಿಮಾಡಿಸೋದರಲ್ಲೇ ಮೊದಲ ವಾರ ಕಳೆಯಿತು. ಕವರ್ ಆರ್ಟ್ ತಿರಸ್ಕಾರವಾಗೋದು ಇನ್ನೊಂದು ಕಾಟ. ಚೌಕಾಕಾರ, 3000 ಗುಣಿಸು 3000 ಪಿಕ್ಸೆಲ್, ಅದರ ಮೇಲೆ ವೆಬ್ ವಿಳಾಸ, ಇನ್‌ಸ್ಟಾಗ್ರಾಮ್ ಹೆಸರು ಇತ್ಯಾದಿ ಏನೂ ಬೇಡ.

ಯೂಟ್ಯೂಬ್ ಬಗ್ಗೆ ಒಂದು ಎಚ್ಚರಿಕೆ. ಡಿಸ್ಟ್ರಿಬ್ಯೂಟರ್ ಕಡೆಯಿಂದ ಕಂಟೆಂಟ್ ಐಡಿ (ನಿಮ್ಮ ಹಾಡು ಯಾರ ವಿಡಿಯೋದಲ್ಲಿದ್ದರೂ ತಾನೇ ಗುರುತಿಸುವ ಯೂಟ್ಯೂಬ್ ವ್ಯವಸ್ಥೆ) ಆನ್ ಮಾಡಿಸಿದ್ದರೆ, ನಿಮ್ಮ ಚಾನೆಲ್ಲಿನಲ್ಲಿ ನಿಮ್ಮದೇ ಹಾಡು ಹಾಕಿದಾಗ ನಿಮಗೇ ಕಾಪಿರೈಟ್ ಕ್ಲೇಮ್ ಬರಬಹುದು. ನನಗೆ ಬಂದಿತ್ತು, ಅದೂ ಬಿಡುಗಡೆ ದಿನ. ನಿಮ್ಮ ಚಾನೆಲ್ಲಿಗೆ ವಿನಾಯಿತಿ ಕೊಡಿ ಅಂತ ಮುಂಚೆಯೇ ಹೇಳಿಟ್ಟಿರಿ.

ಆಲ್ಬಂ ಬಂದ ಮೇಲೆ ನಿಜವಾದ ಕೆಲಸ. ಎರಡು ವಾರಕ್ಕೊಂದು ಹಾಡು ಅಂತ ಹಿಡಿದುಕೊಳ್ಳಿ. ಆ ಎರಡು ವಾರ ಆ ಹಾಡಿನದ್ದೇ ಮಾತು: ಒಂದು ಸಾಹಿತ್ಯದ ವಿಡಿಯೋ, ಒಂದು ಹೇಗೆ ಮಾಡಿದೆವು ಅನ್ನೋದು, ಒಂದೇ ವಾದ್ಯ ಇಟ್ಟುಕೊಂಡು ಹಾಡಿದ್ದು, ಇನ್ನೊಂದು ಕೇಳಿದವರ ಕಾಮೆಂಟಿಗೆ ಉತ್ತರ. ವಾರಕ್ಕೆ ಎರಡು ಮೂರು ಸಾಕು, ದಿನಕ್ಕೊಂದು ಬೇಡವೇ ಬೇಡ. ಒಂದೇ ತುಣುಕನ್ನು ಬೇರೆ ಬೇರೆ ದೃಶ್ಯಕ್ಕೆ ಹಾಕಿ ನಾಲ್ಕು ಸಲ ಬಳಸಿ. 'ಆಗಲೇ ಹಾಕಿದ್ದೆನಲ್ಲ' ಅಂತ ನಿಮಗೆ ಮುಜುಗರ ಆಗುತ್ತದೆ, ಆದರೆ ನೋಡುವವರಲ್ಲಿ ಹೆಚ್ಚಿನವರು ಮೊದಲನೆಯದನ್ನು ನೋಡಿರುವುದೇ ಇಲ್ಲ. ಯೂಟ್ಯೂಬ್ ಶಾರ್ಟ್ಸ್ 2024ರ ಅಕ್ಟೋಬರ್‌ನಿಂದ ಮೂರು ನಿಮಿಷದವರೆಗೆ ಬೆಳೆದಿದೆ, ಆದರೆ ಪೂರ್ತಿ ಹಾಡನ್ನು ಅಲ್ಲೇ ಕೊಟ್ಟುಬಿಟ್ಟರೆ ಆಲ್ಬಂ ಕಡೆ ಯಾಕೆ ಬರುತ್ತಾರೆ? ಆಸೆ ಹುಟ್ಟಿಸುವ ಜಾಗದಲ್ಲಿ ಕತ್ತರಿಸಿ.

ಸಾಹಿತ್ಯವನ್ನು ಮ್ಯೂಸಿಕ್ಸ್‌ಮ್ಯಾಚ್ ಅನ್ನುವ ಹಾಡಿನ ಸಾಹಿತ್ಯದ ತಾಣಕ್ಕೆ ನೀವೇ ಹಾಕಿ, ಸಾಲು ಸಾಲಾಗಿ ಸಮಯ ಹೊಂದಿಸಿ. ಸ್ಪಾಟಿಫೈನಲ್ಲಿ ಹಾಡಿನ ಜೊತೆ ಓಡುವ ಸಾಲುಗಳು ಅಲ್ಲಿಂದ ಬರುತ್ತವೆ. ನಮ್ಮ ಒಂದು ಹಾಡಿಗೆ ಯಾರೋ ಪುಣ್ಯಾತ್ಮರು ತಮ್ಮ ಕಿವಿಗೆ ಕೇಳಿಸಿದ್ದನ್ನು ಬರೆದಿದ್ದರು. 'ಮಳೆ' ಎಲ್ಲ 'ಮನೆ' ಆಗಿತ್ತು. ಕ್ಯಾನ್ವಾಸ್ ಅಂತ ಹಾಡಿನ ಹಿಂದೆ ಸುತ್ತುವ ವಿಡಿಯೋ ಇದೆಯಲ್ಲ, 3ರಿಂದ 8 ಸೆಕೆಂಡ್, ಅದಕ್ಕೂ ಶೂಟ್ ಮಾಡಿದ್ದರಲ್ಲೇ ತುಣುಕು ಸಿಗುತ್ತದೆ.

ಪ್ರಿ-ಸೇವ್ ಲಿಂಕ್, ಅಂದರೆ ಹಾಡು ಬರುವ ಮುಂಚೆಯೇ ಸೇವ್ ಮಾಡಿಸಿಕೊಳ್ಳುವ ಲಿಂಕ್, ಅದರ ಬಗ್ಗೆ ನನಗೆ ಅಷ್ಟೇನೂ ಪ್ರೀತಿ ಇಲ್ಲ. ಆಗಲೇ ಅಭಿಮಾನಿಗಳಿರುವವರಿಗೆ ಸರಿ. ಹಾಡನ್ನೇ ಕೇಳದವರ ಹತ್ತಿರ 'ಈಗಲೇ ಸೇವ್ ಮಾಡಿ' ಅಂತ ಅಂಗಲಾಚೋದು ಯಾಕೆ?

'ಇಷ್ಟು ಕೊಡಿ, ಇಷ್ಟು ಸಾವಿರ ಪ್ಲೇ ತರುತ್ತೇವೆ' ಅನ್ನುವ ಮೆಸೇಜ್‌ಗಳು ಬಿಡುಗಡೆಯ ಮರುದಿನವೇ ಬರುತ್ತವೆ. ಹಾಡಿಗೆ ವರ್ಷಕ್ಕೆ 1000 ಸ್ಟ್ರೀಮ್ ದಾಟದಿದ್ದರೆ ಸ್ಪಾಟಿಫೈ 2024ರಿಂದ ರಾಯಲ್ಟಿ ಕೊಡುವುದಿಲ್ಲ, ಅದಕ್ಕೇ ಇವರ ಮಾತಿಗೆ ಮನಸ್ಸು ಜಾರುತ್ತದೆ. ಮುಟ್ಟಬೇಡಿ. ನಕಲಿ ಸ್ಟ್ರೀಮ್ ಅಂತ ಗೊತ್ತಾದರೆ ಡಿಸ್ಟ್ರಿಬ್ಯೂಟರ್‌ಗೆ ದಂಡ ಬೀಳಬಹುದು, ಅವರು ಅದನ್ನು ನಿಮ್ಮ ತಲೆಗೆ ಕಟ್ಟಬಹುದು, ಹಾಡೇ ಹೋದರೂ ಹೋಯಿತು.

ಕೈಯಲ್ಲಿರುವ ಸ್ವಲ್ಪ ದುಡ್ಡನ್ನು ಜಾಹೀರಾತಿಗೆ ಹಾಕಬೇಕಾ ಅಂತಲೂ ಕೇಳಿದ್ದೀರಿ. ಹಾಕಿ, ಆದರೆ ಬಿಡುಗಡೆಯ ಮೂರನೇ ವಾರದವರೆಗೆ ಜೇಬಿಗೆ ಕೈ ಹಾಕಬೇಡಿ. ಅಷ್ಟು ಹೊತ್ತಿಗೆ ಯಾವ ತುಣುಕು ಯಾರ ತಳ್ಳುವಿಕೆಯೂ ಇಲ್ಲದೆ ಓಡಿತು, ಯಾವುದನ್ನು ಜನ ಇನ್ನೊಬ್ಬರಿಗೆ ಕಳಿಸಿದರು ಅಂತ ಕಾಣಿಸಿರುತ್ತದೆ. ಲೈಕ್ ನೋಡಬೇಡಿ, ಸೇವ್ ಮತ್ತು ಶೇರ್ ನೋಡಿ. ಆ ಒಂದು ತುಣುಕಿಗೆ ಮಾತ್ರ ಹಾಕಿ, ಲಿಂಕನ್ನು ಆಲ್ಬಂಗಲ್ಲ, ಅದೇ ಹಾಡಿಗೆ ಕೊಡಿ. ನಾವು ಹಾಕಿದ್ದು ಕುರ್ಚಿಯ ವಿಡಿಯೋಗೆ.