ಅಕ್ಕೋರನ್ನು ಕೇಳಿ: ಬಿ.ಎಡ್. ಮೊದಲೋ, ಎಂ.ಎ. ಮೊದಲೋ?

ಡಿಗ್ರಿ ಫಲಿತಾಂಶ ಬಂದ ಮೇಲೆ ಕಾಗದಗಳು ಜಾಸ್ತಿ ಬರುತ್ತಿವೆ. ಧಾರವಾಡದಲ್ಲಿ ಬಿ.ಎಡ್. ಹುಡುಗರಿಗೆ ಕನ್ನಡ ಬೋಧನೆ ಕಲಿಸಿ ನಿವೃತ್ತಳಾದವಳು ನಾನು, ಹಾಗಾಗಿ ಈ ಸಲ ಓದಿನ ಪ್ರಶ್ನೆಗಳನ್ನೇ ತೆಗೆದುಕೊಂಡಿದ್ದೇನೆ.

ಬಿ.ಎ. ಮುಗಿಸಿದ್ದೇನೆ, ಐಚ್ಛಿಕ ಕನ್ನಡ ಓದಿದ್ದೇನೆ. ಅಪ್ಪ ಬಿ.ಎಡ್. ಮಾಡು ಅಂತಾರೆ. ನನಗೆ ಎಂ.ಎ. ಕನ್ನಡ ಮಾಡುವ ಆಸೆ. ಮನೆಯಲ್ಲಿ ದಿನಾ ಇದೇ ಜಗಳ. ಯಾವುದು ಮೊದಲು?
— ಒಬ್ಬ ಓದುಗ, ರೋಣ

ತಮ್ಮಾ, ಎಷ್ಟನೇ ಕ್ಲಾಸಿನ ಮಕ್ಕಳಿಗೆ ಕಲಿಸಬೇಕು ಅಂತ ನಿನಗೆ ಆಸೆ? ಪತ್ರದಲ್ಲಿ ಅದೊಂದು ಬಿಟ್ಟು ಎಲ್ಲಾ ಇದೆ. ಅದು ಗೊತ್ತಾದರೆ ಅರ್ಧ ಜಗಳ ಮುಗಿಯುತ್ತದೆ.

ಒಂದರಿಂದ ಐದನೇ ತರಗತಿಗೆ ಬೇಕಾದದ್ದು ಪ್ರಾಥಮಿಕ ಶಿಕ್ಷಕರ ತರಬೇತಿಯ ಡಿಪ್ಲೊಮಾ, ಅಂದರೆ ಡಿ.ಎಲ್.ಎಡ್. ನಾವು ಇನ್ನೂ ಡಿ.ಎಡ್. ಅಂತಲೇ ಅನ್ನುತ್ತೇವೆ. ಪಿಯುಸಿ ಆದ ಮೇಲೆ 2 ವರ್ಷ. ಬಿ.ಎಡ್. ಆದವರೂ ಈ ಕ್ಲಾಸುಗಳಿಗೆ ನಡೆಯುತ್ತದೆ ಅಂತ 2018ರಲ್ಲಿ ಒಂದು ನಿಯಮ ಬಂದಿತ್ತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಆರರಿಂದ ಎಂಟಕ್ಕೆ ಡಿಗ್ರಿ, ಜೊತೆಗೆ ಡಿ.ಎಡ್. ಅಥವಾ ಬಿ.ಎಡ್., ಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ. ಹೈಸ್ಕೂಲಿಗೆ ಡಿಗ್ರಿ ಮತ್ತು ಬಿ.ಎಡ್. ಪಿಯು ಕಾಲೇಜಿಗೆ ಎಂ.ಎ., ಬಿ.ಎಡ್. ಎರಡೂ. ಡಿಗ್ರಿ ಕಾಲೇಜಿಗೆ ಮಾತ್ರ ಬಿ.ಎಡ್. ಕೇಳುವುದಿಲ್ಲ. ಶೇ. 55 ಅಂಕದ ಎಂ.ಎ. ಬೇಕು, ಅದರ ಮೇಲೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆಸೆಟ್ ಪಾಸಾಗಿರಬೇಕು, ಇಲ್ಲವೇ ಪಿಎಚ್.ಡಿ. ಆಗಿರಬೇಕು.

ಈಗ ನನ್ನ ಅಭಿಪ್ರಾಯ. ಮನೆಯಲ್ಲಿ ಇನ್ನೆರಡು ವರ್ಷ ತಡೆಯುವ ಶಕ್ತಿ ಇದ್ದರೆ ಎಂ.ಎ. ಮೊದಲು ಮಾಡು. ಬಿ.ಎಡ್. ಹೇಗೆ ಕಲಿಸಬೇಕು ಅಂತ ಹೇಳಿಕೊಡುತ್ತದೆ. ಏನು ಕಲಿಸಬೇಕು ಅನ್ನುವುದನ್ನು ನೀನೇ ತೆಗೆದುಕೊಂಡು ಬರಬೇಕು. ಪ್ರಾಕ್ಟೀಸ್ ಟೀಚಿಂಗ್ ನೋಡಲು ನಾನು ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಒಬ್ಬ ಹುಡುಗ ಭಾಮಿನಿ ಷಟ್ಪದಿಯನ್ನು ಪೇಪರ್ ಓದಿದ ಹಾಗೆ ಓದಿ, ಅರ್ಥ ಹೇಳಿ, ಕಠಿಣ ಪದ ಬೋರ್ಡಿಗೆ ಬರೆದು ಮುಗಿಸಿದ. ಪಾಠ ಯೋಜನೆಯಲ್ಲಿ ತಪ್ಪು ಹುಡುಕಿದರೂ ಸಿಗಲಿಲ್ಲ. ಮಕ್ಕಳು ಮಾತ್ರ ಕಿಟಕಿ ಕಡೆ ನೋಡುತ್ತಿದ್ದರು. ಮರುದಿನ ಎಂ.ಎ. ಮಾಡಿ ಬಂದಿದ್ದ ಹುಡುಗಿ ಅದೇ ಪಾಠ ತೆಗೆದುಕೊಂಡಳು. ಅರ್ಥದ ಗೊಡವೆಗೇ ಹೋಗಲಿಲ್ಲ. ಟೇಬಲ್ ಮೇಲೆ ಬೆರಳಿನಿಂದ ಮೂರು-ನಾಲ್ಕು, ಮೂರು-ನಾಲ್ಕು ಅಂತ ಮಾತ್ರೆ ಬಡಿಯುತ್ತಾ ಹಾಡಿದಳು. ಎರಡನೇ ಪದ್ಯಕ್ಕೆ ಇಡೀ ಕ್ಲಾಸು ಡೆಸ್ಕು ಬಡಿಯುತ್ತಿತ್ತು. ಪಕ್ಕದ ಕ್ಲಾಸಿನ ಮಾಸ್ತರರು ಬಂದು ಬಾಗಿಲಲ್ಲಿ ನಿಂತರು, ಸಿಟ್ಟಿನಿಂದಲೇ ಅನ್ನಿ.

ಮನೆ ಕಡೆ ಕಷ್ಟ ಇದೆ, ಬೇಗ ಕೆಲಸ ಬೇಕು ಅಂತಿದ್ದರೆ ಅಪ್ಪ ಹೇಳುವುದೇ ಸರಿ. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರು. ಎಂ.ಎ.ಯನ್ನು ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಿಂದ ಮನೆಯಲ್ಲೇ ಕೂತು ಓದಬಹುದು. ಬಿ.ಎಡ್. ಅನ್ನು ಹಾಗೆ ಓದಲು ಎಲ್ಲರಿಗೂ ಬರುವುದಿಲ್ಲ. ಅಪ್ಪನಿಗೆ ಈ ಲೆಕ್ಕ ತೋರಿಸು.

ಒಂದು ಬಿ.ಎಡ್. ಕಾಲೇಜಿನವರು 'ನೀವು ಬರೋದು ಬೇಡ, ಪರೀಕ್ಷೆಗೆ ಬಂದರೆ ಸಾಕು, ಹಾಜರಿ ನಾವು ನೋಡ್ಕೋತೀವಿ' ಅಂತಾರೆ. ನಾನು ಖಾಸಗಿ ಕಂಪನಿಯಲ್ಲಿ ಕೆಲಸದಲ್ಲಿದ್ದೇನೆ. ಸೇರಬಹುದಾ?
— ಒಬ್ಬ ಓದುಗರು, ಹುಬ್ಬಳ್ಳಿ

ಬೇಡ. ನಿಯಮದ ಪ್ರಕಾರ ಕ್ಲಾಸಿಗೆ ಶೇ. 80, ಶಾಲೆಯ ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಿ ಇರಬೇಕು. ಸುಳ್ಳು ಹಾಜರಿ ಮೇಲೆ ಪಡೆದ ಸರ್ಟಿಫಿಕೇಟು ನಾಳೆ ಯಾರಾದರೂ ದೂರು ಕೊಟ್ಟರೆ ನಿಮ್ಮ ಕೊರಳಿಗೇ ಬರುತ್ತದೆ, ಕಾಲೇಜಿನವರ ಕೊರಳಿಗಲ್ಲ.

ನಿಯಮ ಬಿಡಿ. ಎರಡು ವರ್ಷದಲ್ಲಿ 20 ವಾರ ಶಾಲೆಯಲ್ಲಿ ಕಳೆಯಬೇಕು ಅಂತ ಇಟ್ಟಿದ್ದಾರಲ್ಲ, ಅದು ಸುಮ್ನೆ ಅಲ್ಲ. ಹೊಸಬರು ಪ್ರತಿ ಐದು ನಿಮಿಷಕ್ಕೆ 'ತಿಳೀತಾ?' ಅಂತ ಕೇಳುತ್ತಾರೆ. ಮಕ್ಕಳು ಒಕ್ಕೊರಲಿನಿಂದ 'ಹೂನ್ರೀ' ಅನ್ನುತ್ತಾರೆ. ಹೊಸಬರು ಖುಷಿಯಾಗಿ ಮುಂದಿನ ಪ್ಯಾರಾಗೆ ಹೋಗುತ್ತಾರೆ. ಆ 'ಹೂನ್ರೀ'ಗೆ ಏನೂ ಅರ್ಥವಿಲ್ಲ ಅಂತ ಗೊತ್ತಾಗಲು ಕ್ಲಾಸಿನಲ್ಲಿ ನಿಂತೇ ತೀರಬೇಕು. ಮೂರನೇ ಬೆಂಚಿನ ಹುಡುಗನನ್ನು ಎಬ್ಬಿಸಿ, 'ಇದನ್ನೇ ನಿನ್ನ ಮಾತಿನಲ್ಲಿ ಹೇಳು' ಅಂದು, ಅವನು ಮೇಲೆ ಕೆಳಗೆ ನೋಡುವಾಗ ಕಾಯುವುದು ಬಂತು ಅಂದರೆ ಬಿ.ಎಡ್. ಅರ್ಧ ಆದ ಹಾಗೆ. ಮನೆಯಲ್ಲಿ ಕೂತವರಿಗೆ ಅದು ಬರಲ್ಲ.

ಮದುವೆಗೆ ಮುಂಚೆ ಡಿ.ಎಡ್. ಮಾಡಿದ್ದೆ, ಟಿಇಟಿಯೂ ಆಗಿತ್ತು. ಆಮೇಲೆ ಡಿಗ್ರಿ ಮಾಡಿಕೊಂಡೆ. ಈಗ ಮಕ್ಕಳು ದೊಡ್ಡವರಾದರು. ದೂರಶಿಕ್ಷಣದಲ್ಲಿ ಬಿ.ಎಡ್. ಆಗುತ್ತದೆಯೇ?
— ಒಬ್ಬ ಗೃಹಿಣಿ, ನವಲಗುಂದ

ಆಗುತ್ತದೆ, ತಂಗಿ. ರೆಗ್ಯುಲರ್ ಆಗಿ ಶಿಕ್ಷಕ ತರಬೇತಿ ಪಡೆದವರಿಗೆ ಮತ್ತು ತರಬೇತಿ ಪಡೆದು ಪ್ರಾಥಮಿಕ ಶಾಲೆಯಲ್ಲಿ ಕೆಲಸದಲ್ಲಿರುವವರಿಗೆ ಮಾತ್ರ ಆ ಅವಕಾಶ. ಡಿಗ್ರಿಯಲ್ಲಿ ಶೇ. 50 ಇದೆಯೇ ನೋಡಿಕೊಳ್ಳಿ. ಹಳೆಯ ಟಿಇಟಿ ಸರ್ಟಿಫಿಕೇಟನ್ನು ರದ್ದಿಗೆ ಹಾಕಿಲ್ಲ ತಾನೇ? ಮೊದಲು 7 ವರ್ಷಕ್ಕೆ ಅದರ ಅವಧಿ ಮುಗಿಯುತ್ತಿತ್ತು. 2021ರಲ್ಲಿ ಜೀವನಪೂರ್ತಿ ಅಂತ ಮಾಡಿದರು, ಹಳೆಯದಕ್ಕೂ ಸೇರಿಸಿ. ಟ್ರಂಕಿನಲ್ಲಿ ಹುಡುಕಿ. ಸರ್ಕಾರಿ ನೇಮಕಾತಿಗೆ ವಯಸ್ಸಿನ ಮಿತಿ ಇರುತ್ತದೆ, ಅಧಿಸೂಚನೆ ಬಂದಾಗ ಅದನ್ನು ಮೊದಲು ನೋಡಿ.

ಕಥೆ ಬರೆಯುತ್ತೇನೆ. ಬರವಣಿಗೆ ಕಲಿಸುವ ಕೋರ್ಸು ನಮ್ಮ ಕಡೆ ಇದೆಯೇ? ಒಂದು ಕಥೆ ಕಳಿಸಿದ್ದೇನೆ.
— ಒಬ್ಬ ವಿದ್ಯಾರ್ಥಿನಿ, ಬ್ಯಾಡಗಿ

ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಇದೆ, ಪತ್ರಿಕೋದ್ಯಮವೂ ಇದೆ. ನಿನ್ನದೇ ಜಿಲ್ಲೆಯಲ್ಲಿ, ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ. ಹೆಣ್ಣುಮಕ್ಕಳ ಬಾಯಲ್ಲಿ ಕಥೆ ಹೇಗೆ ಓಡುತ್ತದೆ ಅಂತ ತಿಳಿಯಬೇಕಾದರೆ ಜಾನಪದದಷ್ಟು ಒಳ್ಳೆಯ ಓದು ಬೇರೆ ಇಲ್ಲ. ಆದರೆ ಎಂ.ಎ. ಮಾಡಿದರೆ ವಿಮರ್ಶೆ ಬರುತ್ತದೆ, ಕಥೆ ಬಂದೇ ಬರುತ್ತದೆ ಅಂತ ಹೇಳಲಾರೆ. ಧಾರವಾಡಕ್ಕೆ ಬಂದರೆ 1890ರಲ್ಲಿ ಶುರುವಾದ ವಿದ್ಯಾವರ್ಧಕ ಸಂಘದ ಕಾರ್ಯಕ್ರಮಗಳಿಗೆ ಹೋಗಿ ಕೂರು. ಖರ್ಚಿಲ್ಲ, ಜಗಳಗಂಟ ಓದುಗರು ಧಾರಾಳ ಸಿಗುತ್ತಾರೆ.

ಕಥೆ ಓದಿದೆ. ಬೆಂಗಳೂರಿನ ಮಾಲ್, ಮಳೆ, ನೀಲಿ ಕಣ್ಣಿನ ನಾಯಕಿ. ಬ್ಯಾಡಗಿಯಲ್ಲಿ ನಿನಗೆ ನೀಲಿ ಕಣ್ಣಿನ ಹುಡುಗಿ ಎಲ್ಲಿ ಸಿಕ್ಕಳವ್ವಾ? ಮೂರನೇ ಪುಟದಲ್ಲಿ ನಾಯಕಿಗೆ ಊರು ನೆನಪಾಗುವ ಕಡೆ ಎರಡು ಸಾಲು ಇದೆ. ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸಿ ಮನೆಗೆ ಬಂದವಳು, ಕೈ ಉರಿ ಇಳಿಯುವವರೆಗೆ ಕೂಸನ್ನು ಮುಟ್ಟುವುದಿಲ್ಲ. ಕೂಸು ಅಳುತ್ತಿರುತ್ತದೆ, ಅವಳು ಕೈ ಹಿಂದೆ ಕಟ್ಟಿಕೊಂಡು ಬಾಯಲ್ಲೇ ರಮಿಸುತ್ತಾಳೆ. ಕಥೆ ಇರುವುದು ಅಲ್ಲಿ. ಮಾಲ್ ತೆಗೆದುಹಾಕಿ ಅಲ್ಲಿಂದ ಬರೆದು ಮತ್ತೆ ಕಳಿಸು. ಸಂಪಾದಕರಿಗೆ ನಾನೇ ಹೇಳುತ್ತೇನೆ.

ಟಿಇಟಿ ಕನ್ನಡಕ್ಕೆ ಯಾವ ಗೈಡ್ ಒಳ್ಳೆಯದು?
— ಒಬ್ಬ ಓದುಗ, ಲಕ್ಷ್ಮೇಶ್ವರ

ಒಂದರಿಂದ ಹತ್ತನೇ ತರಗತಿಯ ಪಠ್ಯಪುಸ್ತಕ. ಒಟ್ಟು 150 ಅಂಕದಲ್ಲಿ ಮೊದಲ ಭಾಷೆಗೆ 30, ಎರಡನೇ ಭಾಷೆಗೆ 30, ಶಿಶು ವಿಕಸನಕ್ಕೆ 30. ಪಾಸಾಗಲು ಸಾಮಾನ್ಯ ವರ್ಗಕ್ಕೆ ಶೇ. 60 ಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡ. ಕನ್ನಡದ ಬಗ್ಗೆ ಕೇಳಿದ್ದೀಯ, ಆದರೆ ನಮ್ಮ ಕಡೆ ಹುಡುಗರು ಮುಗ್ಗರಿಸುವುದು ಇಂಗ್ಲಿಷಿನಲ್ಲಿ. ದಿನಾ ಬೆಳಿಗ್ಗೆ ಮೊದಲು ಅದನ್ನೇ ಓದು.