737-800: ಮಂಗಳೂರಿಂದ ಹೊರಡುವಾಗ ಫ್ಲ್ಯಾಪ್ 5 ಸಾಕಾ, 15 ಬೇಕಾ?

ಸಿಮ್ಯುಲೇಟರಿನಲ್ಲಿ ಬೋಯಿಂಗ್ 737-800 ಹಾರಿಸುವಾಗ, ಬೆಂಗಳೂರಿನಲ್ಲಿ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಿಂದ ಇಳಿಸುವ ಪಟ್ಟಿ; 1, 5, 15 ಅದನ್ನು ಇಳಿಸುವ ಹಂತಗಳು) 5 ಇಟ್ಟು ಆರಾಮಾಗಿ ಏಳುವ ವಿಮಾನ ಮಂಗಳೂರಿನಲ್ಲಿ ಫುಲ್ ಲೋಡ್ ಇದ್ದಾಗ ರನ್‌ವೇ ತುದಿಯಲ್ಲಿ ಏಳುತ್ತಿದೆ, 15 ಇಡಲಾ ಅಂತ ಕೇಳಿದ್ದೀರಿ.

ಇಡಿ, ಅದೇ ಸರಿ. ಬೆಂಗಳೂರಿನ ರನ್‌ವೇ 4,000 ಮೀಟರ್. ಮಂಗಳೂರಿನದು ಸುಮಾರು 2,450 ಮೀಟರ್, ಅದೂ ಗುಡ್ಡದ ಮೇಲೆ. ಫ್ಲ್ಯಾಪ್ ಜಾಸ್ತಿ ಇಳಿಸಿದರೆ ಕಡಿಮೆ ವೇಗಕ್ಕೇ ನೆಲ ಬಿಡಬಹುದು, ರನ್‌ವೇ ಉಳಿಯುತ್ತದೆ. ಆದರೆ ಗಾಳಿಯ ಎಳೆತವೂ ಹೆಚ್ಚುತ್ತದೆ. ಒಂದು ಎಂಜಿನ್ ಕೈಕೊಟ್ಟರೆ ಮೇಲೇರುವುದು ನಿಧಾನ. ಅದಕ್ಕೇ ಸುಮ್ನೆ ಎಲ್ಲ ಕಡೆ 15 ಇಡಬೇಡಿ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ ಗಾಳಿ ಇನ್ನೂ ತೆಳು, ಎಳೆತ ಕಡಿಮೆ ಇದ್ದಷ್ಟೂ ಮೇಲೇರುವುದು ಸುಲಭ. ಉದ್ದದ ರನ್‌ವೇ ಇದೆಯಲ್ವಾ, ಅಲ್ಲಿ 5 ಒಳ್ಳೆಯದು. 1 ಕೂಡ ಆಗುತ್ತೆ, ಆದರೆ ಏಳುವಾಗ ಬಾಲ ನೆಲಕ್ಕೆ ತೀರಾ ಹತ್ತಿರ ಬರುತ್ತದೆ. ಮೂತಿಯನ್ನು ನಿಧಾನವಾಗಿ ಎತ್ತಿ.

ನಾನು ನೋಡಿದಂತೆ ಹೆಚ್ಚಿನವರು ತಪ್ಪುವುದು ಫ್ಲ್ಯಾಪ್ ಲಿವರ್‌ನಲ್ಲಲ್ಲ, ಎಫ್‌ಎಂಸಿಯಲ್ಲಿ (ವಿಮಾನದ ಲೆಕ್ಕ ಹಾಕುವ ಕಂಪ್ಯೂಟರ್). ಟೇಕಾಫ್ ರೆಫ್ ಪುಟದಲ್ಲಿ ಎಡಗಡೆ ಮೊದಲ ಸಾಲಿಗೆ 15 ಹಾಕಿ, ವಿ1 (ಇದನ್ನು ದಾಟಿದ ಮೇಲೆ ನಿಲ್ಲಿಸುವಂತಿಲ್ಲ), ವಿಆರ್ (ಮೂತಿ ಎತ್ತುವ ವೇಗ), ವಿ2 (ಒಂದು ಎಂಜಿನ್ ಕೈಕೊಟ್ಟರೂ ಸುರಕ್ಷಿತವಾಗಿ ಏರುವ ವೇಗ) ಹೊಸದಾಗಿ ಒತ್ತಿ. 5ರ ವೇಗವನ್ನೇ ಬಿಟ್ಟರೆ 15 ಇಟ್ಟ ಲಾಭವೇ ಸಿಗುವುದಿಲ್ಲ. ಟ್ರಿಮ್ (ಮೂತಿಯ ಸಮತೋಲಕ್ಕೆ ಬಾಲದ ರೆಕ್ಕೆಯ ಹೊಂದಿಕೆ) ಕೂಡ ಬದಲಾಗುತ್ತದೆ, ಮರೆಯಬೇಡಿ. ಟ್ಯಾಕ್ಸಿ ಶುರು ಮಾಡುವ ಮುಂಚೆ ಫ್ಲ್ಯಾಪ್ ಮುಳ್ಳು 15ಕ್ಕೆ ಬಂದಿದೆಯಾ, ಪಕ್ಕದ ಹಸಿರು ದೀಪ ಹತ್ತಿದೆಯಾ ಅಂತ ಕಣ್ಣಾರೆ ನೋಡಿ.

ಒಮ್ಮೆ ಹಾರಿಸಿ ನೋಡಿ, ನಿಮ್ಮ ತೂಕ, ವಿಆರ್ ಎಷ್ಟು ಬಂತು ಇಲ್ಲೇ ಹಾಕಿ.